ಅಕ್ಕ ಎತ್ತಲಾಗದ ಫೋನು

ನನ್ನಕ್ಕ ಹದಿಮೂರು ವರ್ಷ ಫೋನೆತ್ತಿದಳು. ಅದೇನು ಮಹಾ ಕೆಲಸ ಎಂದು ಮೂಗು ಮುರಿಯುವವರು ಸ್ವಲ್ಪ ಕೇಳಿ. ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾರುವ ಸಣ್ಣ ಕಂಪನಿ ಅವಳದು. ಯಾವ ಸೀಸೆಯ ರಕ್ತ ಯಾರದು ಎಂದು ನೆನಪಿಡುವುದು ಆ ಸಾಫ್ಟ್‌ವೇರಿನ ಕೆಲಸ. ಅದು ಕೈಕೊಟ್ಟರೆ ಲ್ಯಾಬಿನವರು ಅಕ್ಕನಿಗೆ ಫೋನ್ ಮಾಡಬೇಕು. ಸರಿಹೋಗುವ ತನಕ ರೋಗಿಗಳು ತೋಳು ಮಡಚಿಕೊಂಡು ಕಾಯಬೇಕು. ದನಿ ಕೇಳಿದರೆ ಸಾಕು, ಇಂಥ ಲ್ಯಾಬಿನ ಇಂಥವಳು ಎಂದು ಅಕ್ಕನಿಗೆ ಗೊತ್ತಾಗುತ್ತಿತ್ತು. "ಕೀಬೋರ್ಡ್ ಮೇಲೆ ಮತ್ತೆ ನೀರು ಚೆಲ್ಲಿದ್ರಾ?" ಎಂದರೆ ಆ ಕಡೆಯಿಂದ ನಗು ಬರುತ್ತಿತ್ತು.

ಎರಡು ವರ್ಷದಿಂದ ಕಂಪನಿ ಕುಂಟುತ್ತಿತ್ತು. ಫೋನಿನ ಕೋಣೆಯಲ್ಲಿ ಏಳು ಮೇಜು, ಐದು ಖಾಲಿ. ಉಳಿದಿದ್ದು ಒಂದೇ ದೊಡ್ಡ ಗಿರಾಕಿ, ನಲವತ್ತು ಲ್ಯಾಬುಗಳ ಒಂದು ಸಂಸ್ಥೆ. ಅವರ ಕರಾರು ಖಡಕ್ಕಾಗಿತ್ತು: ಒಂದೇ ತಿಂಗಳಲ್ಲಿ ಮೂರು ಸಲ ಎರಡು ನಿಮಿಷದೊಳಗೆ ಫೋನ್ ಎತ್ತದಿದ್ದರೆ ವ್ಯವಹಾರ ಬಂದ್. ಅವರು ಹೋದರೆ ಅಕ್ಕನ ಕೆಲಸವೂ ಹೋಯಿತು. ಮೇಜು ಬಿಟ್ಟು ಏಳಬೇಕಾಗುತ್ತದೆಂದು ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು.

ಇತ್ತ ನನ್ನ ಗಂಡ ಎನ್ನಿಸಿಕೊಂಡವನಿಗೆ ಶೇರಿನ ಹುಚ್ಚು. ಅಕ್ಕನ ಕಂಪನಿಯ ಶೇರು ನೆಲಕಚ್ಚಿದೆ, ನಾಳೆ ಯಾರಾದರೂ ದೊಡ್ಡವರು ಕಂಪನಿಯನ್ನೇ ಕೊಂಡರೆ ಗಗನಕ್ಕೇರುತ್ತದೆ ಎಂದು ಗಾಳಿಯಲ್ಲಿ ಲೆಕ್ಕ ಹಾಕುವ ಇನ್ನೂರು ಜನರ ಗುಂಪು ಅವನ ಮೊಬೈಲಿನಲ್ಲಿತ್ತು. ಅವರಲ್ಲಿ ಒಬ್ಬನೂ ಆ ಸಾಫ್ಟ್‌ವೇರನ್ನು ಕಣ್ಣಿಂದ ಕಂಡವನಲ್ಲ. ಯಾವನೋ ತಲೆ ಓಡಿಸಿದ: ಗಿರಾಕಿಗಳ ಸೋಗಿನಲ್ಲಿ ಫೋನ್ ಮಾಡೋಣ. ಬೇಗ ಎತ್ತಿದರೆ ಕಂಪನಿಗೆ ಗಿರಾಕಿಗಳಿಲ್ಲ, ತಡವಾಗಿ ಎತ್ತಿದರೆ ಕೆಲಸಗಾರರಿಲ್ಲ. ಇದಕ್ಕೆ ಅವರಿಟ್ಟ ಹೆಸರು ಸಂಶೋಧನೆ. ಬೆಂಕಿ ಬೀಳಲಿ ಆ ಸಂಶೋಧನೆಗೆ.

ಆ ತಿಂಗಳು ಈ ಗಲಾಟೆಯಲ್ಲಿ ಆ ದೊಡ್ಡ ಗಿರಾಕಿಯ ಎರಡು ಕರೆ ಆಗಲೇ ತಪ್ಪಿದ್ದವು. ಒಂದು ಬೆಳಿಗ್ಗೆ, ಗಂಟಲು ದಪ್ಪ ಮಾಡಿಕೊಂಡ ಒಬ್ಬ, "ಹೊಸ ಲ್ಯಾಬ್ ತೆಗೀತಿದೀವಿ. ನಿಮ್ಮಲ್ಲಿ ಈಗ ಎಷ್ಟು ಜನ ಇದೀರಿ?" ಎಂದು ಅಕ್ಕನಿಗೆ ಗಂಟುಬಿದ್ದ. ನನ್ನ ಗಂಡನ ದನಿ ಅವಳಿಗೆ ತಿಳಿಯದೇ? ಆದರೆ ಅಲ್ಲಿ ಎಲ್ಲ ಮಾತೂ ರೆಕಾರ್ಡ್ ಆಗುತ್ತದೆ. ಹೆಸರು ಹಿಡಿದು ಬೈದರೆ ಕಚೇರಿಯವರೆಲ್ಲ ಕೇಳುತ್ತಾರೆ, ತಂಗಿಯ ಮಾನ ಹೋಗುತ್ತದೆ ಎಂದು ನನ್ನಕ್ಕ ಹಲ್ಲು ಕಚ್ಚಿಕೊಂಡು ಐದು ನಿಮಿಷ "ಹೇಳಿ ಸರ್" ಎಂದಳು. ಪಕ್ಕದ ಮೇಜಿನ ಫೋನಿಗೂ ಅದೇ ಗುಂಪಿನ ಇನ್ನೊಬ್ಬ ಸಂಶೋಧಕ ಕರೆ ಮಾಡಿ ಹಿಡಿದಿಟ್ಟಿದ್ದ. ಆ ನಲವತ್ತರಲ್ಲೊಂದು ಲ್ಯಾಬಿನ ಕರೆ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಅದು ಮೂರನೆಯದು.

ತಿಂಗಳ ಕೊನೆಗೆ ಕರಾರು ಮುರಿಯಿತು. ಅಕ್ಕನೂ ಸೇರಿ ಹನ್ನೊಂದು ಜನರನ್ನು ಮನೆಗೆ ಕಳಿಸಿದರು. ಖರ್ಚು ಕಡಿಮೆಯಾಯಿತು, ಇನ್ನು ಯಾರಾದರೂ ಕೊಂಡೇ ಕೊಳ್ಳುತ್ತಾರೆ ಎಂದು ಗಾಳಿಸುದ್ದಿ ಹಬ್ಬಿ ಶೇರು ಏರಿತು. ಆ ಭಾನುವಾರ ಅಕ್ಕ ನಮ್ಮ ಮನೆಗೆ ಬಂದಾಗ ನನ್ನ ಗಂಡನ ಮುಖ ಊರಗಲವಾಗಿತ್ತು. "ಬೇಜಾರ್ ಮಾಡ್ಕೋಬೇಡಿ ಅತ್ತಿಗೆ. ಲಾಭದಲ್ಲಿ ನಿಮಗೂ ಒಂದು ಪಾಲು ಕೊಡ್ತೀನಿ," ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಅಕ್ಕ ಮೆಲ್ಲಗೆ ಕೇಳಿದಳು: "ಅವತ್ತು ದನಿ ಬದಲಾಯಿಸಿ ನಂಗೆ ಫೋನ್ ಮಾಡಿದ್ರಲ್ಲ, ಆಗ ಶೇರಿನ ರೇಟ್ ಎಷ್ಟಿತ್ತು?"

ಅವನು ಬೆಚ್ಚಿದ. ಆದರೂ ಚಟ ಬಿಡಲಿಲ್ಲ. ಮೊಬೈಲ್ ತೆಗೆದು ಗಂಟೆ, ನಿಮಿಷ ಸಮೇತ ಒಪ್ಪಿಸಿದ.

"ಅದೇ ನಿಮಿಷ ಒಂದು ಲ್ಯಾಬಿನವರು ಫೋನ್ ಮಾಡ್ತಿದ್ರು. ಯಾರ ರಕ್ತದ ವಿಷ್ಯಕ್ಕೆ ಅಂತ ಗೊತ್ತಾ?"

"ಅದು ನಂಗೆ ಹೇಗ್ ಗೊತ್ತಾಗುತ್ತೆ ಅತ್ತಿಗೆ?"

"ನಂಗೂ ಗೊತ್ತಾಗ್ಲಿಲ್ಲ," ಎಂದು ಅಕ್ಕ ಎದ್ದಳು.

ಅವನ ಕಣ್ಣು ಮತ್ತೆ ಮೊಬೈಲಿಗೆ ಹೋಯಿತು. ನಾನು ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಜೊತೆ ಹೊರಟೆ.