ಅಟ್ಟದ ಮೇಲಿನ ಡಬ್ಬಿಯಲ್ಲಿ ಅಮ್ಮನ ದನಿ

ಅಪ್‌ಡೇಟ್ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಆಗುವುದಿಲ್ಲ. ಫೋನಿನ ಮೂಲೆಯಲ್ಲಿ ಆ ಕೆಂಪು ಚುಕ್ಕೆ ಕಂಡರೆ ಹಲ್ಲಿ ಬಿದ್ದ ಸಾರನ್ನು ನೋಡಿದ ಹಾಗೆ ಮುಖ ತಿರುಗಿಸುತ್ತೇನೆ. ಚೆನ್ನಾಗಿ ನಡೆಯುತ್ತಿರುವುದನ್ನು ನಡೆಯಲು ಬಿಡಬಾರದು ಎಂದು ಹಟ ತೊಟ್ಟ ಜನ ಎಲ್ಲೋ ಕೂತಿದ್ದಾರೆ. ಅವರ ಕೈಗೆ ನಮ್ಮ ಅಮ್ಮನ ದನಿ ಸಿಕ್ಕಿಬಿದ್ದಿತ್ತು.

ನಮ್ಮದು ತಮಿಳುನಾಡಿನ ಓಮಲೂರಿನಲ್ಲಿ ಮಗ್ಗದ ಮನೆ. ಅಮ್ಮ ರೇಷ್ಮೆ ಸೀರೆ ನೇಯುತ್ತಾಳೆ. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಅಮ್ಮನ ಗಂಟಲಲ್ಲಿ ಗಡ್ಡೆ ಇದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಸೇಲಂನ ಡಾಕ್ಟರು ಹೇಳಿದಾಗ ಅವಳು ಅಳಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಮಾತ್ರ, “ಆಮೇಲೆ ನಿನ್ನ ಯಾರ್ಲಾ ಬಯ್ಯೋರು?” ಎಂದು ಕೇಳಿದಳು.

ಆಪರೇಷನ್ನಿಗೆ ಮುಂಚೆ ಅವಳನ್ನು ಮಗ್ಗದ ಕೋಣೆಯಲ್ಲಿ ಕೂರಿಸಿ ದಿನಬಳಕೆಯ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿದೆ. “ಉಂಡ್ಯೇನ್ಲಾ?” “ನೀರು ಬಿಸಿ ಐತಾ?” “ಕರೆಂಟು ಓಯ್ತು.” “ಮೇಚೇರಿ ಸಂತೆಗೆ ಓದ್ರೆ ಒಳ್ಳೆ ಮೇಕೆ ನೋಡ್ಕಂಡ್ ಬಾ.” ಒಳ್ಳೆಯ ಮಾತು ಮುಗಿದ ಮೇಲೆ, ಬೈಗುಳವೂ ಬೇಕು ಎಂದಳು. ಅದೆಲ್ಲ ಏಕೆ ಎಂದು ನಾನು ಸಿಡುಕಿದೆ. ಅವಳು ಕೇಳಲಿಲ್ಲ. ನನ್ನ ಕಡೆ ನೋಡಿಕೊಂಡೇ, “ಥೂ, ನಿನ್ ಮೂತಿಗೆ” ಎಂದಳು. ಪ್ರತಿ ರೆಕಾರ್ಡಿಂಗಿನ ಕೊನೆಯಲ್ಲೂ ಬೇಡದ ಸದ್ದು ಸ್ವಲ್ಪ ಉಳಿದಿತ್ತು. ಕತ್ತರಿಸಬೇಕು ಎಂದುಕೊಂಡೆ, ಕತ್ತರಿಸಲಿಲ್ಲ. ಆಪರೇಷನ್ ಆದ ಮೇಲೆ ಅವನ್ನು ಫೋನಿನಲ್ಲಿ ಕೇಳಿಸುವಾಗ, ಮಾತು ಮುಗಿದ ತಕ್ಷಣ ಅಮ್ಮ ಬೆರಳಿಟ್ಟು ನಿಲ್ಲಿಸಿಬಿಡುತ್ತಿದ್ದುದರಿಂದ ಆ ಬಾಲ ಯಾರಿಗೂ ಕೇಳಿಸುತ್ತಿರಲಿಲ್ಲ.

ಫೋನಿಗೇ ಮಾತಾಡಲು ಬರುತ್ತದಲ್ಲ, ಇಷ್ಟೆಲ್ಲ ಏಕೆ ಎಂದು ಕೇಳಿದವರಿದ್ದಾರೆ. ಅದನ್ನೂ ನೋಡಿಯಾಯಿತು. ಫೋನಿನ ಕನ್ನಡದ ಹೆಂಗಸು ರೈಲ್ವೆ ಪ್ರಕಟಣೆಯ ಧಾಟಿಯಲ್ಲಿ “ಊಟ ಮಾಡಿದಿರಾ?” ಎಂದು ಕೇಳಿದಾಗ ಅಮ್ಮನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ತಮಿಳಿನ ಹೆಂಗಸು ಅದಕ್ಕಿಂತ ವಾಸಿ. ಆದರೆ ಅಮ್ಮ ತಮಿಳಿನಲ್ಲಿ ಲೆಕ್ಕ ಕೇಳುತ್ತಾಳೆ, ಬಸ್ಸು ಕೇಳುತ್ತಾಳೆ, ಮಗನನ್ನು ಬೈಯುವುದಿಲ್ಲ. ಅವಳಿಗೆ ಓದಲು ಬರೆಯಲು ಬರುವುದು ತಮಿಳು ಮಾತ್ರ. ಹಾಗಾಗಿ ಕನ್ನಡದ ಮಾತುಗಳಿಗೆ ತಮಿಳು ಅಕ್ಷರದಲ್ಲಿ ಹೆಸರು ಹಾಕಿಕೊಟ್ಟೆ. ಅವಳು ಬೇಕಾದ್ದನ್ನು ಹುಡುಕಿ ಒತ್ತುತ್ತಾಳೆ, ಫೋನಿನಿಂದ ಅವಳದೇ ದನಿ ಬರುತ್ತದೆ.

ಆ ದನಿಯನ್ನು ಯಾವುದೋ ದೊಡ್ಡ ಕಂಪನಿಯ ಗೋದಾಮಿನಲ್ಲಿಡಲು ನನಗೆ ಮನಸ್ಸಾಗಲಿಲ್ಲ. ಪುಕ್ಕಟೆ ಜಾಗ ಕೊಟ್ಟು, ನಾಳೆ ಖಾತೆ ಮುಚ್ಚಿದ್ದೇವೆ ಎಂದು ಒಂದು ಸಾಲಿನ ಮೇಲ್ ಕಳಿಸುವ ಜನ ಅವರು. ಮಗ್ಗದ ಕೋಣೆಯ ಅಟ್ಟದ ಮೇಲೆ ಒಂದು ಹಳೆಯ ಕಂಪ್ಯೂಟರ್ ಇಟ್ಟು, ಅದನ್ನೇ ಸರ್ವರ್ ಮಾಡಿ, ಕಡತಗಳನ್ನಿಡಲು ನಮ್ಮದೇ ಸ್ವಂತ ಕ್ಲೌಡ್ ಕಟ್ಟಿದೆ. ಅಮ್ಮನ ಫೋನು ಅದರಿಂದಲೇ ದನಿ ತರಿಸಿಕೊಳ್ಳುತ್ತಿತ್ತು. ಫೋನಿನೊಳಗೇ ಇಡೋಣವೆಂದರೆ ಅಲ್ಲಿ ಜಾಗವಿಲ್ಲ. ನಂಗವಳ್ಳಿಯ ಸಂಬಂಧಿಕರು ದಿನಾ ಬೆಳಗ್ಗೆ ಕಳಿಸುವ ಗುಲಾಬಿ, ದೇವರು, ಕಾಫಿ ಲೋಟದ ಚಿತ್ರಗಳು ಅದರ ಹೊಟ್ಟೆ ತುಂಬಿಸಿದ್ದವು, ಅಳಿಸಿದರೆ ಅಮ್ಮನಿಗೆ ಕೋಪ.

ಒಂದು ಭಾನುವಾರ ಬೆಳಗ್ಗೆ, ಫೋನಿಗೆ ಆ ದನಿ ತರಿಸಿಕೊಡುವ ಆ್ಯಪ್ ರಾತ್ರೋರಾತ್ರಿ ತಾನೇ ಹೊಸದಾಗಿ, ನಿಮ್ಮ ಸರ್ವರ್ ಬಹಳ ಹಳೆಯದು, ನಾನು ಅದರೊಡನೆ ಮಾತಾಡುವುದಿಲ್ಲ ಎಂದಿತು. ಅಮ್ಮ ಒತ್ತಿದಳು. ಬಿಳಿ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತ ಕೂತಿತು. ಕೇಳಿದವರು ಯಾರು ನಿನ್ನನ್ನು ಹೊಸದಾಗೆಂದು? ಹಳೆಯ ಸರ್ವರ್ ಎರಡು ವರ್ಷ ತುಟಿ ಪಿಟಕ್ಕೆನ್ನದೆ ಕೆಲಸ ಮಾಡಿತ್ತು.

ಅದನ್ನು ಕೈಯಾರೆ ಮೇಲ್ದರ್ಜೆಗೆ ಏರಿಸದೆ ಬೇರೆ ದಾರಿ ಇರಲಿಲ್ಲ. ತಾನಾಗಿ ಏರಿಸಿಕೊಳ್ಳುವ ಬಟನ್ ಒಂದಿತ್ತು, ಅರ್ಧ ದಾರಿಯಲ್ಲಿ ಕೈ ಎತ್ತಿಬಿಟ್ಟಿತು. ಸರಿ, ಹೊಸ ಆವೃತ್ತಿಯ ಕಡತಗಳನ್ನು ಇಳಿಸಿಕೊಂಡು ಕೂತೆ. ಅಮ್ಮ ಎಂದಿನಂತೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು, ಹಳೆಯ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳು, ಮುಗಿದಿದ್ದರಿಂದ ಹೊಸ ಹಾಸು ಸೇರಿಸುತ್ತಿದ್ದಳು. ನೇಯುವವರ ಮನೆಯಲ್ಲಿ ಹಳೆಯ ಹಾಸನ್ನು ಪೂರ್ತಿ ಬಿಚ್ಚಿ ಎಸೆಯುವುದಿಲ್ಲ. ಎಳೆಗಳು ಹಾಯುವ ಹಣಿಗೆಯ ಹಿಂದೆ ಅದರ ತುದಿಯನ್ನು ಹಾಗೇ ಬಿಟ್ಟು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹಳೆಯ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆ ಹೊಸೆಯುತ್ತೇವೆ. ಆಮೇಲೆ ಮೆಲ್ಲಗೆ ಎಳೆದರೆ ಹಳೆಯದರ ಬೆನ್ನು ಹಿಡಿದು ಹೊಸದು ತಾನಾಗಿ ಬರುತ್ತದೆ. ಹುಟ್ಟಿದಾಗಿನಿಂದ ನೋಡಿದ್ದು ಇದೇ.

ನನ್ನ ಕೈ ಅದನ್ನೇ ಮಾಡಿತು. ಹಳೆಯ ಫೋಲ್ಡರನ್ನು ಹಾಗೇ ಬಿಟ್ಟು, ಅದರ ಮೇಲೆಯೇ ಹೊಸದನ್ನು ಬಿಚ್ಚಿ ಹರವಿದೆ. ಹಳೆಯದರ ಬೆನ್ನು ಹಿಡಿದು ಹೊಸದು ಬರುತ್ತದೆ ಎಂದು ನಂಬಿದ್ದೆ. ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ, ಹಾಗೆ ಮಾಡಬೇಡಿ, ಹಳೆಯದನ್ನು ಬದಿಗಿಟ್ಟು ಹೊಸದನ್ನು ಖಾಲಿ ಜಾಗದಲ್ಲಿ ಬಿಚ್ಚಿ ಎಂದು ಬರೆದಿದ್ದರಂತೆ. ಓದಿದ್ದು ಆಮೇಲೆ. ಹಳೆಯ ಕಡತ, ಹೊಸ ಕಡತ ಒಂದರ ಬಾಯಲ್ಲಿ ಒಂದು ಕೈ ಹಾಕಿಕೊಂಡು ಇಡೀ ಸರ್ವರ್ ಮೂರ್ಛೆ ಹೋಯಿತು. ಪರದೆಯಲ್ಲಿ ಬಂದದ್ದು ಇಂಗ್ಲಿಷಿನ ಒಂದೇ ಸಾಲು: ಒಳಗೆ ಏನೋ ತೊಂದರೆಯಾಗಿದೆ. ಏನು ತೊಂದರೆ ಎಂದು ಹೇಳುವ ಮರ್ಯಾದೆಯೂ ಅದಕ್ಕಿಲ್ಲ.

ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. “ಇನ್ನಾ ಆಗ್ಲಿಲ್ವಾ? ಪಾವಂ ಅತ್ತೆ. ಬೆಳಗ್ಗಿಂದ ಒಂದ್ ಮಾತಿಲ್ಲ, ತಿಂಡಿ ಸಾಕಾ ಬೇಕಾ ಅಂತಾನೂ ಗೊತ್ತಾಗ್ಲಿಲ್ಲ.”

“ಆಗ್ತೈತೆ, ಓಗು” ಎಂದೆ. ಆಗುತ್ತದೆ ಎಂಬ ನಂಬಿಕೆ ನನಗೇ ಇರಲಿಲ್ಲ.

ಇಂಟರ್ನೆಟ್ಟಿನಲ್ಲಿ ಸಹಾಯ ಹುಡುಕಿದೆ. ನನ್ನಂಥ ಎಷ್ಟೋ ಜನ ಅಲ್ಲಿ ಗೋಳಿಟ್ಟಿದ್ದರು. ಅವರಿಗೆ ಸಿಕ್ಕಿದ್ದು ಎರಡೇ ಉತ್ತರ: ಮೊದಲೇ ಬ್ಯಾಕಪ್ ಇಟ್ಟುಕೊಳ್ಳಬೇಕಿತ್ತು, ಮೊದಲೇ ಕೈಪಿಡಿ ಓದಬೇಕಿತ್ತು. ಹೆಣದ ಮುಂದೆ ನಿಂತು ಪಥ್ಯ ಹೇಳುವ ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬ್ಯಾಕಪ್ ಇಟ್ಟಿದ್ದೆ, ಅಂದರೆ ಇಟ್ಟಿದ್ದೇನೆಂದು ತಿಳಿದಿದ್ದೆ. ಪೆನ್ ಡ್ರೈವ್ ಚುಚ್ಚಿ ನೋಡಿದರೆ ಜಾಗ ಸಾಲದೆ ನಕಲು ಮೊದಲಲ್ಲೇ ನಿಂತುಹೋಗಿತ್ತು. ಅದರಲ್ಲಿ ಅಮ್ಮನ ಒಂದು ಮಾತೂ ಇರಲಿಲ್ಲ.

ಸಿಟ್ಟು ನೆತ್ತಿಗೇರಿತು. ಈ ಕಲಸುಮೇಲೋಗರವೇ ಬೇಡ, ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕುತ್ತೇನೆ ಎಂದು ಅಳಿಸುವ ಆಜ್ಞೆ ಬೆರಳಚ್ಚಿಸಿದೆ. ಎಂಟರ್ ಒತ್ತುವುದೊಂದು ಬಾಕಿ. ಅಷ್ಟರಲ್ಲಿ ಮಗ್ಗದಿಂದ ಟಕ್ ಟಕ್ ಎಂದು ಸದ್ದು ಬಂತು. ಲಾಳಿಯನ್ನು ಮರಕ್ಕೆ ಬಡಿದರೆ ಅಮ್ಮ ನನ್ನನ್ನು ಕರೆಯುತ್ತಿದ್ದಾಳೆ ಎಂದರ್ಥ. ಬೈದುಕೊಂಡೇ ಎದ್ದು ಹೋದೆ. ಅವಳು ಬೂದಿ ಮೆತ್ತಿದ ಬೆರಳಿನಿಂದ ಫೋನು ತೋರಿಸಿದಳು. ಅದೇ ಬಿಳಿ ಪರದೆ, ಅದೇ ಚಕ್ರ. ಯಾವಾಗ ಬರುತ್ತದೆ ಎಂದು ಹುಬ್ಬಿನಲ್ಲೇ ಕೇಳಿದಳು. ಬಾಯಿ ತೆರೆದು ಇನ್ನೇನೋ ಹೇಳಲು ಹೋದಳು, ಆಪರೇಷನ್ನಿನಲ್ಲಿ ಕುತ್ತಿಗೆಗೆ ಮಾಡಿದ ತೂತಿನಿಂದ ಬರೀ ಗಾಳಿ ಬಂತು. ಅವಳು ತಟ್ಟನೆ ಬಾಯಿ ಮುಚ್ಚಿ ಮುಖ ಆಚೆ ತಿರುಗಿಸಿದಳು.

ವಾಪಸು ಬಂದು ಕೂತು, ಬೆರಳಚ್ಚಿಸಿಟ್ಟಿದ್ದ ಅಳಿಸುವ ಆಜ್ಞೆಯನ್ನು ಮತ್ತೊಮ್ಮೆ ನೋಡಿದೆ. ಅಮ್ಮನ ದನಿಯ ಕಡತಗಳಿದ್ದದ್ದು ನಾನು ಅಳಿಸಲು ಹೊರಟಿದ್ದ ಫೋಲ್ಡರಿನ ಒಳಗೇ. ಹಾಳಾದ ತಂತ್ರಾಂಶ ಡೇಟಾವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ, ಬೇರೆ ಕಡೆ ಇಡು ಎಂದು ನಾವೇ ಹೇಳಬೇಕು. ನಾನು ಹೇಳಿರಲಿಲ್ಲ. ಆ ಒಂದು ಬೆರಳೊತ್ತಿಗೆ ಅವಳ ಬಾಯಿ ಎರಡನೇ ಸಲ ಹೋಗುತ್ತಿತ್ತು, ಈ ಸಲ ಡಾಕ್ಟರು ನಾನು. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಆ ತಂತ್ರಾಂಶದ ಮೇಲೆ, ಅದನ್ನು ಬರೆದವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಈ ಎರಡು ಕೈಗಳ ಮೇಲೆ ಅಸಹ್ಯ ಬಂದಿತ್ತು.

ಮುಖ ತೊಳೆದು ಬಂದು ಮೊದಲು ದನಿಯ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿದೆ, ನಕಲು ಆದದ್ದನ್ನು ಒಂದೊಂದಾಗಿ ತೆರೆದು, ಮೊದಲ ಪದ ಕೇಳಿಸಿದೊಡನೆ ಮುಚ್ಚುತ್ತ ನೋಡಿದೆ. ಆಮೇಲೆ ಕೈಪಿಡಿ ಹೇಳಿದಂತೆ ಹಳೆಯದನ್ನು ಬದಿಗಿಟ್ಟು, ಖಾಲಿ ಜಾಗದಲ್ಲಿ ಹೊಸದನ್ನು ಬಿಚ್ಚಿ, ಡೇಟಾ ಮತ್ತು ಸೆಟ್ಟಿಂಗ್ ಕಡತ ಮಾತ್ರ ಅದರೊಳಗೆ ತಂದೆ. ಅಲ್ಲಿಗೂ ಮುಗಿಯಲಿಲ್ಲ. ದೊಡ್ಡ ಆವೃತ್ತಿಗಳನ್ನು ಹಾರಿಹೋಗುವಂತಿಲ್ಲವಂತೆ, ಒಂದೊಂದೇ ಮೆಟ್ಟಿಲು ಹತ್ತಬೇಕಂತೆ. ಪ್ರತಿ ಮೆಟ್ಟಿಲಿನಲ್ಲೂ ಅದೇ ಇಳಿಸು, ಅದೇ ಬಿಚ್ಚು, ಅದೇ ಕಾಯು. ಏರಿದ ಮೇಲೆ ಸಿಕ್ಕಿದ್ದಾದರೂ ಏನು? ಮೊದಲ ಪುಟದಲ್ಲಿ ಹವಾಮಾನ ತೋರಿಸುವ ಒಂದು ಚೌಕ. ಕಿಟಕಿಯಾಚೆ ಓಮಲೂರಿನ ಬಿಸಿಲು ಸುಡುತ್ತಿತ್ತು, ಆ ಚೌಕ ಮೋಡ ಎನ್ನುತ್ತಿತ್ತು. ನಗಲೂ ಆಗಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮನ ಫೋನಿನ ಚಕ್ರ ನಿಂತು ತಮಿಳು ಅಕ್ಷರದ ಹೆಸರುಗಳು ಮೂಡಿದವು. “ಬಂತು ನೋಡಮ್ಮಾ” ಎಂದು ಕೊಟ್ಟೆ. ಅಮ್ಮ ಸೆರಗಿಗೆ ಬೆರಳು ಒರೆಸಿಕೊಂಡು ಬಹಳ ಹೊತ್ತು ಕೆಳಗೆ ಕೆಳಗೆ ಜಾರಿಸಿದಳು. ಊಟ, ನೀರು, ಕರೆಂಟು ಎಲ್ಲ ದಾಟಿದಳು. ತೀರಾ ಕೊನೆಯಲ್ಲಿದ್ದದ್ದನ್ನು ಒತ್ತಿ ಫೋನನ್ನು ನನ್ನ ಕಡೆ ಹಿಡಿದಳು.

“ಥೂ, ನಿನ್ ಮೂತಿಗೆ.”

ಈ ಸಲ ಅವಳು ನಿಲ್ಲಿಸಲಿಲ್ಲ. ಬೆರಳು ಎತ್ತಿಹಿಡಿದು ಹಾಗೇ ಬಿಟ್ಟಳು. ಮಾತಿನ ಹಿಂದೆ ಮಗ್ಗದ ಹಲಗೆ ಕಿರ್ರೆಂದಿತು, ಆಮೇಲೆ ನಾನು ಕತ್ತರಿಸದೆ ಬಿಟ್ಟ ಆ ಬಾಲದಲ್ಲಿ ಅಮ್ಮ ನಕ್ಕಳು. ನನ್ನ ಸಿಡುಕು ಮುಖ ನೋಡಿ ಅಂದು ನಕ್ಕ ನಗು. ಅಷ್ಟೊಂದು ಮಾತು ರೆಕಾರ್ಡ್ ಮಾಡಿಕೊಂಡ ನನಗೆ ಅವಳ ನಗುವನ್ನು ಹಿಡಿದಿಡಬೇಕೆಂದು ಹೊಳೆದೇ ಇರಲಿಲ್ಲ. ಎದುರಿಗೆ ಕೂತಿದ್ದ ಅಮ್ಮನೂ ಸದ್ದಿಲ್ಲದೆ ನಗುತ್ತ ಇನ್ನೊಂದು ಸಲ ಒತ್ತಿದಳು.