ಖಾನಾಪುರದ ಕಂಪ್ಯೂಟರಿನ ತಾರೀಖು

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಹಾಲು ಸಂಘಕ್ಕೆ ಎರಡು ಕಂಪ್ಯೂಟರು ಬಂದವು. ಬೆಳಗಾವಿಯ ಕಚೇರಿಯದಕ್ಕೆ ಒಂದು ಬಗೆಯ ಡೇಟಾಬೇಸ್, ಖಾನಾಪುರದ ಶಾಖೆಯದಕ್ಕೆ ಇನ್ನೊಂದು ಬಗೆ. ಯಾಕೆ ಎಂದು ಕೇಳಿದರೆ ವ್ಯವಸ್ಥಾಪಕರಿಗೇ ಗೊತ್ತಿರಲಿಲ್ಲ. ಎರಡರಲ್ಲಿಯೂ ಇದ್ದದ್ದು ಸದಸ್ಯರ ಎಮ್ಮೆಗಳ ಪಟ್ಟಿ: ಕಿವಿಯ ಬಿಲ್ಲೆಯ ನಂಬರು, ಒಡೆಯರ ಹೆಸರು, ಊರು. ಶನಿವಾರಕ್ಕೊಮ್ಮೆ ಖಾನಾಪುರದ ಫ್ಲಾಪಿ ರೈಲಿನಲ್ಲಿ ಬರುತ್ತಿತ್ತು. ಬೆಳಗಾವಿಯಲ್ಲಿ ಕೂತ ನಾನು ಎರಡೂ ಪಟ್ಟಿಗಳನ್ನು ಹೊಂದಿಸಿ, ಒಂದೇ ಆದ ಪಟ್ಟಿಯನ್ನು ಹಿಂದಕ್ಕೆ ಕಳಿಸಬೇಕು. ಎಲ್ಲಿ ವ್ಯತ್ಯಾಸ ಬಂದರೂ ಆಮೇಲೆ ಬರೆದದ್ದೇ ಖರೆ ಎಂಬುದು ಪ್ರೋಗ್ರಾಂ ಬರೆದ ತಜ್ಞನ ನಿಯಮ.

ಮಳೆಗಾಲಕ್ಕೆ ಮುಂಚೆ, ಗಂಟಲು ಬಾತು ಎಮ್ಮೆ ಸಾಯುವ ಗಳಲೆ ರೋಗಕ್ಕೆ ನಮ್ಮ ಪಟ್ಟಿಯಂತೆ ಚುಚ್ಚುಮದ್ದು ನಡೆಯುತ್ತಿತ್ತು. ಒಂದು ಬೆಳಿಗ್ಗೆ ಖಾನಾಪುರದ ಕಡೆಯ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ನಿಂತಳು. ಬೆಳಗಾವಿಯದೇ ಭಾಗವಾದ ವಡಗಾವಿಯ ನೇಕಾರನೊಬ್ಬನಿಂದ ಎಮ್ಮೆ ಕೊಂಡಿದ್ದಳು.

"ಎಮ್ಮಿ ನನ್ನ ಕೊಟ್ಟಿಗ್ಯಾಗ ಐತಿ, ಸಾಹೇಬ್ರ. ನಿಮ್ಮ ಡಾಕ್ಟರು ಸೂಜಿ ಹಿಡಕೊಂಡು ವಡಗಾವಿ ಓಣ್ಯಾಗ ಹುಡುಕತಾರಂತ. ನಮ್ಮ ಬಾಜು ಮನಿ ಎಮ್ಮಿ ನಿನ್ನೆ ಸತ್ತತಿ."

"ಶಾಖೆಯೊಳಗ ಹೆಸರು ಬರಸೀರೇನು?"

"ಮೂರು ಸಲ ಬರಸೇನ್ರಿ. ಬರದದ್ದನ್ನ ನಿಮ್ಮ ಪೆಟ್ಟಿಗಿ ತಿಂತೈತೇನು?"

ಹೆಂಗಸು ಸುಳ್ಳು ಹೇಳುತ್ತಿರಬೇಕು ಎಂದ ಪಕ್ಕದ ಮೇಜಿನ ತಜ್ಞ, ಕುರ್ಚಿಯಿಂದ ಏಳದೆ. ನಾನು ಆಕೆಯ ಜೊತೆಗೇ ರೈಲು ಹತ್ತಿದೆ.

ಶಾಖಾಧಿಕಾರಿ ಚಹಾ ಕುಡಿಯುತ್ತಿದ್ದ. ಶುಕ್ರವಾರ, ಹನ್ನೆರಡಾದರೂ ಯಂತ್ರ ಶುರುವಾಗಿರಲಿಲ್ಲ. ನನ್ನನ್ನು ಕಂಡು ಎದ್ದು, ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ಮುಗಿದಿದೆಯೇ ಎಂದು ನೋಡಿ, ಆಮೇಲೆ ಸ್ವಿಚ್ ಒತ್ತಿದ. ಯಂತ್ರ ಇಂದಿನ ತಾರೀಖು ಕೇಳಿತು. ಆತ ಓದದೆಯೇ ಒಂದು ಕೀಲಿ ಒತ್ತಿ ಮುಂದೆ ಹೋದ.

"ತಾರೀಖು ಯಾಕ ಹಾಕಲಿಲ್ಲ?"

"ಅದು ದಿನಾ ಕೇಳತೈತ್ರಿ. ಅದರ ಚಾಳಿನ ಅದು."

ಉತ್ತರ ಕೊಡದಿದ್ದರೆ ಆ ಯಂತ್ರ ತನ್ನನ್ನು ೧೯೮೦ರ ಜನವರಿ ಒಂದರಲ್ಲೇ ಇರಿಸಿಕೊಳ್ಳುತ್ತಿತ್ತು. ಹೀಗಾಗಿ ಖಾನಾಪುರದಲ್ಲಿ ಬರೆದದ್ದೆಲ್ಲ ಹಳೆಯದೆನಿಸಿ, ಶನಿವಾರ ನನ್ನ ಕೈಯಿಂದಲೇ ಅಳಿಸಿಹೋಗುತ್ತಿತ್ತು. ರಾಹುಕಾಲವನ್ನು ನಿಮಿಷ ತಪ್ಪದೆ ಬಲ್ಲ ಮನುಷ್ಯನಿಗೆ ಇಸವಿ ಬೇಕಾಗಿರಲಿಲ್ಲ.

ಶನಿವಾರದವರೆಗೆ ಕಾಯಲಿಲ್ಲ. ಎಮ್ಮೆ ಆಕೆಯದೆಂದು ಚೀಟಿ ಬರೆದು, ಸಹಿ ಹಾಕಿ, ಡಾಕ್ಟರನ್ನು ನಾನೇ ಆಕೆಯ ಕೊಟ್ಟಿಗೆಗೆ ಕರೆದೊಯ್ದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಆತ ದಾರಿಯುದ್ದಕ್ಕೂ ಗೊಣಗಿದ. ಸೂಜಿ ಚುಚ್ಚಿ, ಮದ್ದು ಮೈಗೆ ಹತ್ತಲು ಹದಿನೈದು ದಿನ ಬೇಕು ಎಂದ. ಅಷ್ಟು ದಿನವೂ ಆಕೆ ಎಮ್ಮೆಯನ್ನು ಹೊರಗೆ ಬಿಡದೆ, ಕೊಡದಲ್ಲಿ ನೀರು ಹೊತ್ತು ಕುಡಿಸಿದಳು. ಎಮ್ಮೆ ಉಳಿಯಿತು.

ಆ ವರ್ಷದ ವರದಿಯಲ್ಲಿ ವ್ಯವಸ್ಥಾಪಕರು ಅದನ್ನು ಕಂಪ್ಯೂಟರಿನ ಸಾಧನೆ ಎಂದು ಬರೆದರು.