ಅತ್ತೆಯ ಪಾಲಿನ ಬಿಸಿಲು

ಮೊನ್ನೆ ಮಂಗಳವಾರದ ಬೆಳಗು ಎಂದಿನಂತೆಯೇ ಇತ್ತು. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ರೊಟ್ಟಿ ಹಂಚು. ನಮ್ಮ ಮನೆಯವರು ಪೇಪರ್ ಹಿಡಿದು ಚಹಾಕ್ಕೆ ಕಾಯುತ್ತಿದ್ದರು. ಮೂರನೇ ರೊಟ್ಟಿ ತಿರುವಿ ಹಾಕುವಾಗ ದೇವರ ಕೋಣೆಯಿಂದ ಅತ್ತೆಯ ದನಿ ಬಂತು.

"ಸ್ವಲ್ಪ ಬಂದು ಕೈ ಕೊಡವಾ, ಏಳಾಕ ಬರವಲ್ದು."

ನಮ್ಮ ಅತ್ತೆ ಕೈ ಕೇಳುವವರಲ್ಲ. ಎಪ್ಪತ್ತಮೂರರ ಈ ಹೆಂಗಸು ಲಿಂಗಪೂಜೆ ಮುಗಿಸಿ, ನೆಲಕ್ಕೆ ಒಂದು ಬೆರಳೂ ಊರದೆ ಎದ್ದು ಬರುತ್ತಿದ್ದವರು. ಕೆಲವು ತಿಂಗಳಿಂದ ತೊಡೆ ನೋವು, ಸೊಂಟ ನೋವು ಅನ್ನುತ್ತಿದ್ದರು. ವಯಸ್ಸಾಯಿತಲ್ಲ ಎಂದು ನಾನು ಮುಲಾಮು ಹಚ್ಚುತ್ತಿದ್ದೆ. (ಮುಲಾಮು ಹಚ್ಚಿದರೆ ಹಚ್ಚಿದವರಿಗೂ ಒಂದು ಸಮಾಧಾನ, ಅಲ್ಲವೇ?)

ಅವರ ರಕ್ತದ ರಿಪೋರ್ಟ್ ಅವತ್ತೇ ಬರುವುದಿತ್ತು. ಮಧ್ಯಾಹ್ನ ದವಾಖಾನೆಗೆ ಹೋದೆವು. ವಿಟಮಿನ್ ಡಿ ತೀರಾ ಕಡಿಮೆಯಿದೆ ಎಂದರು ಡಾಕ್ಟರು. ನನಗೆ ನಗು ಬಂತು. ಬಾಗಲಕೋಟೆಯಲ್ಲಿ ಬಿಸಿಲಿಗೇನು ಬರವೇ?

ಊಟದಲ್ಲೇ ತುಂಬಿಕೊಳ್ಳಬಹುದಲ್ಲ ಎಂದು ಕೇಳಿದೆ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ ಆರುನೂರು ಯೂನಿಟ್ ಬೇಕಂತೆ, ಎಪ್ಪತ್ತು ದಾಟಿದರೆ ಎಂಟುನೂರು. ಸಿಗುವುದಾದರೂ ಯಾವುದರಲ್ಲಿ? ಕೊಬ್ಬಿರುವ ಮೀನು, ಮೊಟ್ಟೆಯ ಹಳದಿ, ವಿಟಮಿನ್ ಬೆರೆಸಿದ ಪ್ಯಾಕೆಟ್ ಹಾಲು. ನಮ್ಮದು ಮೀನು, ಮೊಟ್ಟೆ ಹೊಸ್ತಿಲು ದಾಟದ ಮನೆ. ಹಾಲೂ ಮನೆಗೆ ತಂದು ಹಾಕುವ ಎಮ್ಮೆ ಹಾಲು. ಜೋಳದ ರೊಟ್ಟಿ, ಜುಣಕ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಎಂದು ಹೆಮ್ಮೆಯಿಂದಲೇ ಪಟ್ಟಿ ಒಪ್ಪಿಸಿದೆ. ಊಟ ಛಲೋನೇ ಇದೆ, ಆದರೆ ಡಿ ಲೆಕ್ಕದಲ್ಲಿ ಹೆಚ್ಚುಕಡಿಮೆ ಸೊನ್ನೆ ಎಂದರು. ಆಮೇಲೆ ಸಹಜವಾಗಿ ಕೇಳಿದರು.

"ಬಿಸಲಾಗ ಕೂಡ್ತಾರೇನ್ರಿ?"

ನಾನು ರಿಪೋರ್ಟ್ ಮಡಚತೊಡಗಿದೆ. ಅತ್ತೆಯೇ ಹೇಳಿದರು. "ಮೊದಲ ಕೂಡ್ತಿದ್ದೆ, ಸಾಹೇಬ್ರ."

ಹೌದು, ಮೊದಲು ಕೂಡುತ್ತಿದ್ದರು. ನವನಗರದ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ, ಹತ್ತರ ಬಿಸಿಲಿಗೆ ಬೆನ್ನು ಕೊಟ್ಟು, ಮಾಸಿದ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊರದಲ್ಲಿ ಜೋಳ ಹಸನು ಮಾಡುತ್ತ. ಹೋಗಿಬರುವ ಎಲ್ಲರ ಜೊತೆ ಮಾತು.

ಎರಡು ವರ್ಷದ ಹಿಂದೆ ನನ್ನ ಕಾನ್ವೆಂಟ್ ಗೆಳತಿಯೊಬ್ಬಳು ಬಾದಾಮಿ ನೋಡಲು ಬಂದವಳು ಮನೆಗೂ ಬಂದಳು. ಒಳಗೆ ಕೂತು ಚಹಾ ಕುಡಿಯುತ್ತ, ಕಿಟಕಿಯಿಂದ ಕಟ್ಟೆಯ ಕಡೆ ನೋಡಿ ಅಂದಳು, "ಎಷ್ಟು ನೀಟಾಗಿ ಕ್ಲೀನ್ ಮಾಡ್ತಾಳೆ ನಿಮ್ಮ ಕೆಲಸದವಳು. ಎಲ್ಲಿ ಸಿಕ್ಕಳೇ?"

ನಾನು ತಿದ್ದಲಿಲ್ಲ. ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದೆ.

ಮರುವಾರವೇ ಕುಶನ್ ಇರುವ ಕುರ್ಚಿ ತರಿಸಿ ಹಾಲ್‌ನಲ್ಲಿ ಫ್ಯಾನ್ ಕೆಳಗೆ ಇಟ್ಟೆ. ಹೊರಗೆ ಬಿಸಿಲು ಭಾಳ, ಇಲ್ಲೇ ಕೂಡ್ರಿ ಅತ್ತಿ, ಎಂದೆ. ಜೋಳ ಬಿಟ್ಟು ಹಿಟ್ಟಿನ ಪ್ಯಾಕೆಟ್ ತರತೊಡಗಿದೆ. ಅವರು ಬಂದು ಕೂತರು. ಎಷ್ಟು ಕಾಳಜಿಯ ಸೊಸೆ ಎಂದು ಬಂದವರೆಲ್ಲ ಹೊಗಳಿದರು. ನಾನೂ ನಂಬಿದೆ.

ಸೂರ್ಯನ ಬೆಳಕಿನಿಂದ ವಿಟಮಿನ್ ಡಿ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮಿಂದ ಹತ್ತು ಸಲ ಬರೆಸಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಮಾರ್ಕ್ಸ್ ತಗೊಂಡವಳು ನಾನು.

ಗುಳಿಗೆ ತಗೊಂಡು ಮನೆಗೆ ಬರುವಷ್ಟರಲ್ಲಿ ಸಂಜೆ. ಆ ಹೊತ್ತಿನ ಬಿಸಿಲಿನಿಂದ ಏನೂ ಸಿಗುವುದಿಲ್ಲ ಎಂದು ಗೊತ್ತಿತ್ತು. ಆದರೂ ನಾಳೆಯತನಕ ಕಾಯಲು ಮನಸ್ಸಾಗಲಿಲ್ಲ. ಕಟ್ಟೆ ಗುಡಿಸಿ ಚಾಪೆ ಹಾಸಿದೆ. ಹೊರಗೆ ಬಂದು ಕೂಡ್ರಿ ಎಂದೆ.

ಅತ್ತೆ ಬಾಗಿಲಲ್ಲೇ ನಿಂತರು. ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಕೇಳಿದರು.

"ಇವತ್ತ ನಿನ್ನ ಗೆಳತ್ಯಾರು ಯಾರೂ ಬರೂದಿಲ್ಲೇನವಾ?"

ಅಂದರೆ ಅವತ್ತು ಕಿಟಕಿ ತೆರೆದಿತ್ತು. ಎರಡು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಕುರ್ಚಿಯ ಮೇಲೆ ಕೂತಿದ್ದರು. ಕ್ಷಮೆ ಕೇಳಬೇಕಿತ್ತು. ತೋಳು ಹಿಡಿದು ಕೂಡಿಸುವುದಷ್ಟೇ ನನ್ನಿಂದ ಆಯಿತು.

ಹಿಂದಿನ ಓಣಿಯ ನೆರೆಯಾಕೆ ಕಾಯಿಪಲ್ಲೆ ಚೀಲ ಹಿಡಿದು ಹೊರಟವರು ಅತ್ತೆಯನ್ನು ಕಂಡು ನಿಂತರು.

"ಅಯ್ಯ, ಊರಿಂದ ಯಾವಾಗ ಬಂದ್ರಿ ಯಮ್ಮಾ? ಭಾಳ ದಿನಾತು ಕಟ್ಟಿ ಮ್ಯಾಲ ಕಾಣ್ಲಿಲ್ಲ, ಗುಡೂರಾಗ ಮಗಳ ಮನ್ಯಾಗ ಇದ್ದೀರಿ ಅಂದ್ಕೊಂಡಿದ್ದೆ ನಾ."